ಯಾವ ಭಯಕ್ಕೆ ಯಾವ ಹೆಸರು? ಮನೋವೈದ್ಯರನ್ನು ಕೇಳಿ

ಅಡ್ಮಿನ್: ಇವತ್ತು ಡಾಕ್ಟರ್ ಮೇಡಂ ಫೋಬಿಯಾಗಳ ಬಗ್ಗೆ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ನಿವೃತ್ತ ಮೇಷ್ಟ್ರು: ಫೋಬಿಯಾ ಅಂದರೆ ಬರೀ ಭಯ ತಾನೆ?

ಡಾಕ್ಟರ್: ಅಲ್ಲ ಸರ್. ಹಾವು ಕಂಡು ಓಡುವುದು ಭಯ. ಹಾವಿನ ಚಿತ್ರ ಇರಬಹುದೆಂದು ಮಗಳ ವಿಜ್ಞಾನ ಪುಸ್ತಕವನ್ನೇ ಮುಟ್ಟದಿರುವುದು ಫೋಬಿಯಾ. ಆರು ತಿಂಗಳಾದರೂ ಬಿಡದೆ ದಿನದ ಕೆಲಸ ಕೆಡಿಸಬೇಕು. ಫೋಬೋಸ್ ಗ್ರೀಕರ ಭಯದ ದೇವರು. ಫೋಬಿಯಾ ಪದ ಬಂದದ್ದು ಅಲ್ಲಿಂದ. ಅದರ ಮೊದಲಿಗೆ ಅಕ್ರೋ ಸೇರಿಸಿದರೆ ಎತ್ತರದ ಭಯ, ಅರಾಕ್ನೋ ಸೇರಿಸಿದರೆ ಜೇಡದ ಭಯ.

ಟೆಕ್ಕಿ: ಲಿಫ್ಟ್ ಭಯ?

ಡಾಕ್ಟರ್: ಕ್ಲಾಸ್ಟ್ರೋಫೋಬಿಯಾ. ಇಕ್ಕಟ್ಟಾದ ಜಾಗದ ಭಯ.

ನರ್ಸಿಂಗ್ ಹುಡುಗಿ: ರಕ್ತ ಕಂಡರೆ ಬಿದ್ದೇ ಬಿಡುತ್ತೇನೆ. ಓದು ಬಿಡಲಾ ಮೇಡಂ?

ಡಾಕ್ಟರ್: ಬಿಡಬೇಡಮ್ಮ. ಇದು ಹೀಮೋಫೋಬಿಯಾ. ಬೇರೆ ಭಯಗಳಲ್ಲಿ ಬಿಪಿ ಏರುತ್ತದೆ, ಇದರಲ್ಲಿ ಏರಿ ತಟ್ಟನೆ ಇಳಿಯುತ್ತದೆ. ಅದಕ್ಕೇ ಬೀಳುವುದು. ಕೈಕಾಲು, ಹೊಟ್ಟೆಯ ಸ್ನಾಯು ಬಿಗಿ ಹಿಡಿ, ಮುಖ ಬಿಸಿಯಾದ ಮೇಲೆ ಸಡಿಲ ಬಿಡು. ಹೀಗೆ ನಾಲ್ಕೈದು ಸಲ. ಮನೋವೈದ್ಯರ ಹತ್ತಿರ ಸರಿಯಾಗಿ ಕಲಿತುಕೋ.

ಪುಟ್ಟನ ಅಮ್ಮ: ಮಗನಿಗೆ ನಾಲ್ಕು ದಿನದ ಹಿಂದೆ ಬೀದಿ ನಾಯಿಮರಿ ಕಚ್ಚಿತು. ಸ್ವಲ್ಪ ರಕ್ತ ಬಂತು, ಅರಿಶಿನ ಹಚ್ಚಿದೆವು. ಈಗ ಸ್ನಾನ ಅಂದರೆ ಅಳುತ್ತಾನೆ. ಹೈಡ್ರೋಫೋಬಿಯಾನಾ?

ಡಾಕ್ಟರ್: ಇಂಜೆಕ್ಷನ್ ಹಾಕಿಸಿದ್ದೀರಾ? ಇಲ್ಲದಿದ್ದರೆ ಈಗಲೇ ಹೊರಡಿ. ಬರೀ ನೀರಿನ ಭಯಕ್ಕೆ ಆಕ್ವಾಫೋಬಿಯಾ ಎನ್ನುತ್ತೇವೆ. ಹೈಡ್ರೋಫೋಬಿಯಾ ಮನಸ್ಸಿನ ಕಾಯಿಲೆಯಲ್ಲ, ರೇಬೀಸ್‌ನ ಲಕ್ಷಣ. ನೀರು ನುಂಗಲು ಹೋದರೆ ಗಂಟಲು ಹಿಂಡುತ್ತದೆ. ಆ ಹಂತ ಬಂದರೆ ಉಳಿಯುವುದು ತೀರಾ ಅಪರೂಪ. ಕಚ್ಚಿದ ಮೇಲೆ ಆ ಹಂತ ಬರಲು ಸಾಮಾನ್ಯವಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ನಿಮ್ಮ ಮಗ ಗಾಯ ಉರಿಯುವುದಕ್ಕೇ ಅಳುತ್ತಿರಬಹುದು. ಆದರೆ ಅದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ರಕ್ತ ಬಂದಿದ್ದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ, ರೋಗಾಣುವನ್ನು ಕೂಡಲೇ ತಡೆಯುವ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ ಕೂಡ ಕೇಳಿ. ಹೊಕ್ಕುಳ ಸುತ್ತ ಚುಚ್ಚುವ ಕಾಲ ಹೋಯಿತು, ಈಗ ತೋಳಿಗೆ. ನಾಲ್ಕು ದಿನ ತಡವಾಯಿತೆಂದು ಬಿಡಬೇಡಿ.

ಶುಭೋದಯ ಅಂಕಲ್: ಫಾರ್ವರ್ಡ್ ಬಂದಿದೆ. ಕಚ್ಚಿದ ಜಾಗಕ್ಕೆ ಸುಣ್ಣ, ಖಾರದ ಪುಡಿ ಹಚ್ಚಿ ಬಿಗಿಯಾಗಿ ಕಟ್ಟಿ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಒಬ್ಬರಿಗೂ ಕಳಿಸಬೇಡಿ. ಡಿಲೀಟ್ ಮಾಡಿ. ಅರಿಶಿನವೂ ಬೇಡ, ಸುಣ್ಣವೂ ಬೇಡ.

ಶುಭೋದಯ ಅಂಕಲ್: ನಮ್ಮಜ್ಜಿ ಇದರಲ್ಲೇ ವಾಸಿ ಮಾಡುತ್ತಿದ್ದರು.

ಟೆಕ್ಕಿ: ಹುಚ್ಚಿಲ್ಲದ ನಾಯಿ ಕಚ್ಚಿದರೆ ನಿಮ್ಮ ಫಾರ್ವರ್ಡ್ ಓದಿದರೂ ವಾಸಿಯಾಗುತ್ತದೆ ಅಂಕಲ್.

ಶುಭೋದಯ ಅಂಕಲ್: ಹಿರಿಯರ ಜೊತೆ ಮಾತಾಡುವುದು ಕಲಿಯಪ್ಪ.

ನಿವೃತ್ತ ಮೇಷ್ಟ್ರು: ಮೊದಲು ಬೀದಿ ನಾಯಿಗಳನ್ನು ಹಿಡಿಸಬೇಕು.

ನಾಯಿಪ್ರೇಮಿ: ಹಿಡಿಸಿ ಎಲ್ಲಿ ಬಿಡುತ್ತೀರಿ, ನಿಮ್ಮನೆಯಲ್ಲಾ? ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿ ಅನ್ನಿ.

ಮಲೆನಾಡ ಹುಡುಗ: ಜೇನುಗೂಡಿನ ತೂತು ನೋಡಿದರೆ ಮೈ ಜುಮ್ಮೆನ್ನುತ್ತದೆ. ಏನು ಹೆಸರು?

ಹೊಸ ಸದಸ್ಯ: ಲಿಫ್ಟ್ ಭಯಕ್ಕೆ ಏನಂತಾರೆ?

ಡಾಕ್ಟರ್: ಮೇಲೆ ನೋಡಿ. ಪುಟ್ಟನ ಅಮ್ಮ, ಹೊರಟಿರಾ?

ಶುಭೋದಯ ಅಂಕಲ್: ಬೆಳಕಿನ ಭಯ ಫೋಟೋಫೋಬಿಯಾ. ಇದಾದರೂ ಸರಿನಾ?

ಡಾಕ್ಟರ್: ಅದೂ ಭಯವಲ್ಲ. ಮೈಗ್ರೇನ್‌ನಲ್ಲಿ, ಕಣ್ಣಿನ ತೊಂದರೆಯಲ್ಲಿ ಬೆಳಕು ತಡೆಯದಿರುವುದು.

ಪುಟ್ಟನ ಅಮ್ಮ: ಯಜಮಾನರು ಅಂಗಡಿ ಮುಚ್ಚಿ ಬರಲಿ ಅಂತ ಕಾಯುತ್ತಿದ್ದೇನೆ.

ಡಾಕ್ಟರ್: ಕಾಯಬೇಡಿ. ಆಟೊ ಹಿಡಿಯಿರಿ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ದುಡ್ಡು ಕೊಡಬೇಕಿಲ್ಲ. ಅವರು ನೇರ ಅಲ್ಲಿಗೇ ಬರಲಿ.

ಹೊಸ ಸದಸ್ಯ: ಒಟ್ಟು ಎಷ್ಟು ಫೋಬಿಯಾ ಇವೆ ಮೇಡಂ?

ನಾಯಿಪ್ರೇಮಿ: ಮೇಷ್ಟ್ರೇ, ಉತ್ತರ ಕೊಡಲಿಲ್ಲ.

ಪುಟ್ಟನ ಅಮ್ಮ: ಆಟೊದಲ್ಲಿದ್ದೇವೆ ಮೇಡಂ. ಇಮ್ಯುನೋ ಏನೋ ಅಂದಿರಲ್ಲ, ಅದರ ಹೆಸರು ಇನ್ನೊಮ್ಮೆ ಬರೆಯಿರಿ.

ಡಾಕ್ಟರ್: ರೇಬೀಸ್ ಇಮ್ಯುನೊಗ್ಲಾಬ್ಯುಲಿನ್. ಇದನ್ನೇ ತೋರಿಸಿ.