ಸಹಾಯ ಬೇಕು: ಒಂದೇ ಥರ ಕೇಳಿಸುವ ಇಂಗ್ಲಿಷ್ ಪದಗಳನ್ನು ಹೇಗೆ ಕಲಿಸುವುದು?

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಎಂಟಕ್ಕೆ ಇಂಗ್ಲಿಷ್ ಮೀಡಿಯಂ ಸೇರಿದ್ದಾಳೆ. ಮಾತಾಡಲು ಹೆದರುವುದಿಲ್ಲ, ಸ್ಪೆಲಿಂಗ್‌ನಲ್ಲಿ ಎಡವುತ್ತಾಳೆ. ಕನ್ನಡದಲ್ಲಿ ಹೆಚ್ಚುಕಡಿಮೆ ಕೇಳಿದ ಹಾಗೆ ಬರೆದರೆ ಆಯಿತು, ಇಂಗ್ಲಿಷಿನಲ್ಲಿ ಹಾಗಲ್ಲ ಅಲ್ವಾ?

'ಸ್ಟೇಷನರಿ' ಹೇಗೋ ದಾಟಿದೆವು. ಪೆನ್ನು, ಕಾಗದ ಅಂದರೆ 'ಇ' ಬರುತ್ತದೆ, ಎನ್ವಲಪ್‌ನ 'ಇ' ನೆನಪಿಟ್ಟುಕೋ ಅಂದೆ. ನಿಂತಲ್ಲೇ ನಿಂತಿರುವುದಕ್ಕೆ 'ಎ'.

'ಅಡ್ವೈಸ್' ಮಾತ್ರ ದೊಡ್ಡ ತಲೆನೋವು. 'ಸಿ' ಇದ್ದರೆ ಸಲಹೆ, 'ಎಸ್' ಇದ್ದರೆ ಸಲಹೆ ಕೊಡುವುದು. ನಿಜಕ್ಕೂ ಇವೆರಡರ ಉಚ್ಚಾರ ಬೇರೆ. ಎರಡನೆಯದರ ಕೊನೆಗೆ ಜೇನುನೊಣ ಗುಂಯ್‌ಗುಟ್ಟುವಂಥ ದನಿ ಇದೆ. ಆ ದನಿ ನಮ್ಮ ಕನ್ನಡದ ಪದಗಳಲ್ಲಿಲ್ಲ. ಅದಕ್ಕೇ ಅವಳಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. 'ಲೂಸ್' ಕೂಡ ಹಾಗೇ. ಒಂದು 'ಓ' ಇದ್ದರೆ ಕಳೆದುಕೊಳ್ಳುವುದು, ಎರಡಿದ್ದರೆ ಸಡಿಲ.

ಈ ದನಿಯನ್ನು ಮಕ್ಕಳ ಕಿವಿಗೆ ಹೇಗೆ ಹಿಡಿಸಿದಿರಿ? ಕಲಿಸಿದ ಅನುಭವ ಇರುವವರು ದಯವಿಟ್ಟು ಹೇಳಿ. 'ಪ್ರಿನ್ಸಿಪಲ್' ಪದದ ಕೊನೆಗೆ ಮುಖ್ಯಸ್ಥರಾದರೆ 'ಎ-ಎಲ್', ತತ್ವವಾದರೆ 'ಎಲ್-ಇ'. ಇದನ್ನು ನೆನಪಿಡಲು ಕನ್ನಡದಲ್ಲೇ ಸುಲಭ ದಾರಿ ಇದ್ದರೆ ತಿಳಿಸಿ. ಸುಮ್ನೆ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿ ನೋಡಿದೆ, ಎರಡೇ ದಿನಕ್ಕೆ ಮರೆತಳು.