ಸಹಾಯ ಬೇಕು: ಕಲಬುರಗಿಯಲ್ಲಿ ಬಾಡಿಗೆ ಮನೆಗಳ ವೈರಿಂಗ್ ಪರೀಕ್ಷಿಸಲು ಲೈಸೆನ್ಸ್ ಇರುವ ಗುತ್ತಿಗೆದಾರರು

ಎಲ್ಲರಿಗೂ ನಮಸ್ಕಾರ್ರೀ. ಜೇವರ್ಗಿ ರಸ್ತೆ ಕಡೆ ಹಳೇ ಕಟ್ಟಡ, ಮೂರು ಬಾಡಿಗೆ ಮನೆ. ಹೊಸಬರು ಬರೋದಕ್ಕೆ ಮುಂಚೆ ವೈರಿಂಗ್ ಪೂರ್ತಿ ಪರೀಕ್ಷೆ ಆಗಬೇಕು. ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯೋ ಸಾಧನ), ಅರ್ತ್ ಟೆಸ್ಟರ್ (ಅರ್ತಿನ ರೆಸಿಸ್ಟೆನ್ಸ್ ಅಳೆಯೋದು) ಎರಡೂ ಇರುವವರು, ಅಳತೆ ಬರೆದು ಸಹಿ ಹಾಕಿ ಕೊಡುವವರು ಗೊತ್ತಿದ್ದರೆ ತಿಳಿಸಿ. ಬರೀ ಸ್ಕ್ರೂಡ್ರೈವರ್ ಟೆಸ್ಟರ್ ಹಚ್ಚಿ ನೋಡಿ ಹೋಗುವವರು ಬೇಡ.

ಪ್ರತಿ ಮನೆಗೂ ಬೇರೆ ಬೇರೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯೋ ಸ್ವಿಚ್) ಕೂಡಿಸಬೇಕು. ತೊಡಕು ಇರೋದು ನ್ಯೂಟ್ರಲ್‌ನಲ್ಲಿ: ಮೂರೂ ಮನೆಯದು ಒಳಗೆ ಒಂದೇ ಕಡೆ ಕೂಡಿದೆ. ಫೇಸ್‌ನಲ್ಲಿ ಹೋದ ಕರೆಂಟ್ ಅದೇ ಆರ್‌ಸಿಸಿಬಿಯ ನ್ಯೂಟ್ರಲ್‌ನಿಂದ ವಾಪಸ್ ಬರದಿದ್ದರೆ ಅದು ಸೋರಿಕೆ ಅಂತಲೇ ಟ್ರಿಪ್ ಆಗುತ್ತೆ. ಆಗ ಕೆಲಸದವರು ಆರ್‌ಸಿಸಿಬಿಯೇ ಕೆಟ್ಟಿದೆ ಅಂತ ಅದನ್ನ ಬೈಪಾಸ್ ಮಾಡಿ ಹೋಗ್ತಾರೆ. ಗೀಸರ್ ಇರುವ ಮನೆಯಲ್ಲಿ ಇದು ಜೀವಕ್ಕೇ ಅಪಾಯ. ಮೊದಲು ನ್ಯೂಟ್ರಲ್ ಬೇರ್ಪಡಿಸಬೇಕು, ಆಮೇಲೆ ಆರ್‌ಸಿಸಿಬಿ. ಓವರ್‌ಲೋಡ್ ಅದು ತಡೆಯೋದಿಲ್ಲ, ಅದಕ್ಕೆ ಎಂಸಿಬಿ (ಲೋಡ್ ಹೆಚ್ಚಾದರೆ ಕಡಿಯೋ ಸ್ವಿಚ್) ಬೇಕೇ ಬೇಕು.

2 ಕಿಲೋವ್ಯಾಟ್ ಗೀಸರ್‌ಗೆ ಬೋರ್ಡಿನಿಂದ ನೇರ 2.5 ಚದರ ಮಿಮೀ ತಾಮ್ರದ ವೈರ್, 16 ಆಂಪ್ ಎಂಸಿಬಿ, ಅರ್ತ್ ಸಹಿತ. ಅರ್ತ್ ಪಿನ್ನಿಗೆ ನ್ಯೂಟ್ರಲ್ ಕೂಡಿಸೋದು ಬೇಡವೇ ಬೇಡ. ನ್ಯೂಟ್ರಲ್ ಕಡಿದರೆ ಗೀಸರ್ ಮೈಗೇ ಕರೆಂಟ್ ಬರುತ್ತೆ.

ನಮ್ಮ ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರಿದು ಅರ್ತ್ ಪೈಪ್ ಬಿಟ್ಟು ಸರಿಯುತ್ತೆ, ರೆಸಿಸ್ಟೆನ್ಸ್ ಏರುತ್ತೆ. ಹಾಗಾಗಿ ಮೇ ತಿಂಗಳಲ್ಲೂ ಬಂದು ಅಳೆಯುವವರು ಬೇಕು.

ಮೀಟರ್ ಸೀಲ್ ಮುಟ್ಟದೆ ಕೆಲಸ ಆಗಬೇಕು. ಮೂರು ಮನೆಗೆ ಪರೀಕ್ಷೆಯ ದರ ಎಷ್ಟು, ಸಾಮಾನು ಬಿಟ್ಟು ಹೇಳ್ರಿ.