ಪಿಕಪ್‌ನ ಹೆಲ್ಪರ್ ಏರ್ ಸ್ಪ್ರಿಂಗ್‌ನಲ್ಲಿ ಗಾಳಿ ನಿಲ್ಲುತ್ತಿಲ್ಲ, ಎಲ್ಲಿ ಹುಡುಕಬೇಕು?

ಪ್ರಶ್ನೆ: ಸರ್, ಡಲ್ಲಾಸ್‌ನಲ್ಲಿದ್ದೇನೆ. ಕ್ಯಾಂಪರ್ ಟ್ರೈಲರ್ ಕಟ್ಟಿದರೆ ಎಫ್-150 ಹಿಂದೆ ಕುಸಿಯುತ್ತದೆ ಅಂತ ಏರ್ ಸ್ಪ್ರಿಂಗ್ ಕಿಟ್ (ಹಿಂದಿನ ಸಸ್ಪೆನ್ಷನ್‌ಗೆ ಆಸರೆಯಾಗುವ, ಗಾಳಿ ತುಂಬುವ ರಬ್ಬರ್ ಬ್ಯಾಗ್‌ಗಳು) ಹಾಕಿದ್ದೇನೆ. 1/4 ಇಂಚಿನ ನೈಲಾನ್ ಪೈಪ್, ಒತ್ತಿ ಕೂರಿಸುವ ಫಿಟಿಂಗ್, ಎಡ ಬಲಕ್ಕೆ ಬೇರೆ ಬೇರೆ ವಾಲ್ವ್. 30 ಪಿಎಸ್‌ಐ ತುಂಬಿದರೆ ಮಾರನೇ ದಿನ ಬಲಗಡೆ 28, ಎಡಗಡೆ 12. ಎಡಗಡೆ ಬ್ಯಾಗ್ ತೂತಾಗಿದೆಯಾ? ವಾಪಸ್ ಕಳಿಸಲಾ?

ಉತ್ತರ: ಈಗಲೇ ಬೇಡ. ಬಲಗಡೆಯದು ಸರಿಯಾಗೇ ಇದೆ. ಹೊಸದಾಗಿ ಹಾಕಿದಾಗ 2ರಿಂದ 4 ಪಿಎಸ್‌ಐ ಇಳಿಯುವುದು ಸಾಮಾನ್ಯ. 5 ದಾಟಿದರೆ ಮಾತ್ರ ಲೀಕ್ ಅಂತ ಲೆಕ್ಕ. ಎಡಗಡೆ ಲೀಕ್ ಇದೆ, ಆದರೆ ಹೊಸ ಬ್ಯಾಗ್‌ನ ರಬ್ಬರ್ ಸೋರುವುದು ಅಪರೂಪ. ಮೊದಲು ಪೈಪಿನ ತುದಿ ನೋಡಿ.

ಫಿಟಿಂಗ್ ಒಳಗೆ ಒಂದು ಸಣ್ಣ ಓ-ರಿಂಗ್ (ರಬ್ಬರ್ ಬಳೆ) ಇರುತ್ತದೆ. ಅದು ಹಿಡಿಯುವುದು ಪೈಪಿನ ಹೊರಮೈಯನ್ನು. ಕಟಿಂಗ್ ಪ್ಲೇಯರ್ ಅಥವಾ ಕತ್ತರಿಯಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗುತ್ತದೆ. ಕಣ್ಣಿಗೆ ದುಂಡಗೆ ಕಂಡರೂ ಓ-ರಿಂಗ್‌ಗೆ ಅದು ಮೊಟ್ಟೆಯಾಕಾರವೇ, ಒಂದು ಬದಿಯಲ್ಲಿ ಗಾಳಿ ನುಸುಳುತ್ತದೆ. ಪೈಪ್ ಕಟರ್ ಅಥವಾ ಹೊಸ ಬ್ಲೇಡಿನಿಂದ ನೇರವಾಗಿ, ಓರೆಯಾಗದಂತೆ ಕತ್ತರಿಸಿ. ಆಮೇಲೆ ತುದಿಯಿಂದ 9/16 ಇಂಚಿಗೆ (ಸುಮಾರು 14 ಮಿ.ಮೀ.) ಮಾರ್ಕರ್‌ನಲ್ಲಿ ಗುರುತು ಹಾಕಿ, ಆ ಗುರುತು ಕಾಲರ್ (ಫಿಟಿಂಗ್ ಬಾಯಿಯ ಸುತ್ತಲಿನ ಬಳೆ) ಮುಟ್ಟುವವರೆಗೆ ಒತ್ತಿ. ಒತ್ತುವಾಗ ಮಧ್ಯದಲ್ಲಿ ಒಮ್ಮೆ ಬಿಗಿಯಾಗುತ್ತದೆ. ಅಲ್ಲೇ ಕೂತಿತು ಅಂತ ಬಿಡುವವರೇ ಹೆಚ್ಚು. ಕೊನೆಗೆ ಒಮ್ಮೆ ಎಳೆದು ನೋಡಿ, ಬರಬಾರದು.

ಪ್ರಶ್ನೆ: ಈಗ ಹಾಕಿರುವ ಪೈಪನ್ನೇ ಬಿಚ್ಚಿ ಮತ್ತೆ ಹಾಕಬಹುದಾ?

ಉತ್ತರ: ಹಾಕಬಹುದು. ಮೊದಲು ಗಾಳಿ ಪೂರ್ತಿ ಬಿಡಿ. ಕಾಲರನ್ನು ಸುತ್ತಲೂ ಸಮನಾಗಿ ಒಳಕ್ಕೆ ಒತ್ತಿ ಹಿಡಿದು ಪೈಪ್ ಎಳೆಯಿರಿ. ಒಳಗಿನ ಹಲ್ಲುಗಳು ಪೈಪಿನ ಮೇಲೆ ಗೀರು ಬಿಟ್ಟಿರುತ್ತವೆ, ಆ ಗೀರಿನಲ್ಲೇ ಗಾಳಿ ಹೋಗುತ್ತದೆ. ಆದ್ದರಿಂದ ಗೀರು ಬಿದ್ದಷ್ಟು ಭಾಗ ಕತ್ತರಿಸಿ ತೆಗೆದು ಹೊಸ ತುದಿಯನ್ನೇ ಹಾಕಿ. ಪೈಪನ್ನು ಮೊದಲೇ ಬಿಗಿಯಾಗಿ ಎಳೆದು ಕಟ್ಟಿದ್ದರೆ ಕತ್ತರಿಸಲು ಉದ್ದವೇ ಸಿಗುವುದಿಲ್ಲ.

ಪ್ರಶ್ನೆ: ಬ್ಯಾಗ್‌ಗೆ ತಿರುಗಿಸುವ ಎಲ್ಬೋ (ಮೊಣಕೈಯಂತೆ ಬಾಗಿದ ಫಿಟಿಂಗ್) ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಕಾ?

ಉತ್ತರ: ಥ್ರೆಡ್ ಮೇಲೆ ಬಣ್ಣದ ಸೀಲೆಂಟ್ ಮೊದಲೇ ಹಚ್ಚಿ ಬಂದಿದ್ದರೆ ಟೇಪ್ ಬೇಡವೇ ಬೇಡ. ಟೇಪಿನ ಚೂರು ಒಳಗೆ ಹೋಗಿ ವಾಲ್ವ್ ಕೋರ್‌ನಲ್ಲಿ (ವಾಲ್ವ್ ಒಳಗೆ ಗಾಳಿ ತಡೆಯುವ ಪಿನ್) ಸಿಕ್ಕಿಕೊಂಡರೆ ಹೊಸ ಲೀಕ್ ಶುರು. ಕೈಯಲ್ಲಿ ಬಿಗಿ ಮಾಡಿ, ಮೇಲೆ ಸ್ಪ್ಯಾನರ್‌ನಲ್ಲಿ ಒಂದೂವರೆ ಸುತ್ತು. ದಿಕ್ಕು ಹೊಂದಿಸಲು ಹಿಂದಕ್ಕೆ ಮಾತ್ರ ತಿರುಗಿಸಬೇಡಿ, ಹಿಂದಕ್ಕೆ ಹೋದರೆ ಸೀಲ್ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಸೋಪು ನೀರು ಹಾಕಿದೆ, ಗುಳ್ಳೆ ಬರಲಿಲ್ಲ. ಆದರೂ ಇಳಿಯುತ್ತಿದೆ.

ಉತ್ತರ: ಒಂದು ಪಾಲು ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ನಾಲ್ಕು ಪಾಲು ನೀರು, ಸ್ಪ್ರೇ ಬಾಟಲಿಯಲ್ಲಿ. ಸಣ್ಣ ಲೀಕ್‌ನಲ್ಲಿ ದೊಡ್ಡ ಗುಳ್ಳೆ ಏಳುವುದಿಲ್ಲ, ಕಾಲರ್ ಸುತ್ತ ಬಿಳಿ ನೊರೆ ನಿಧಾನಕ್ಕೆ ಕೂಡಿಕೊಳ್ಳುತ್ತದೆ. ಸಿಂಪಡಿಸಿ ಕೆಲವು ನಿಮಿಷ ಕಾಯಿರಿ. ವಾಲ್ವ್ ಬಾಯಿಗೂ ಒಂದು ಹನಿ ಬಿಡಿ. ಅಲ್ಲಿ ಗುಳ್ಳೆ ಬಂದರೆ ಕೋರ್ ಬಿಗಿ ಮಾಡಿ ಅಥವಾ ಬದಲಾಯಿಸಿ.

ಇನ್ನೂ ಸಿಗದಿದ್ದರೆ ಎಡ ಬಲದ ಪೈಪುಗಳನ್ನು ಬ್ಯಾಗ್ ಹತ್ತಿರ ಅದಲು ಬದಲು ಮಾಡಿ. ಆಗಲೂ ಎಡ ಬ್ಯಾಗೇ ಇಳಿದರೆ ದೋಷ ಬ್ಯಾಗ್‌ನದ್ದು ಅಥವಾ ಅದರ ಎಲ್ಬೋದು. ಬಲ ಬ್ಯಾಗ್ ಇಳಿದರೆ ಪೈಪ್ ಅಥವಾ ವಾಲ್ವ್.

ಗೇಜ್ ಪದೇ ಪದೇ ಒತ್ತಬೇಡಿ. ಬ್ಯಾಗ್‌ನಲ್ಲಿರುವ ಗಾಳಿಯೇ ಸ್ವಲ್ಪ, ಒಂದೊಂದು ಸಲಕ್ಕೂ ಒಂದಿಷ್ಟು ಗೇಜೇ ನುಂಗುತ್ತದೆ. ಅಳೆಯುವುದೂ ಒಂದೇ ಹೊತ್ತಿನಲ್ಲಿ, ಒಂದೇ ಲೋಡ್‌ನಲ್ಲಿ ಇರಲಿ. ಮಧ್ಯಾಹ್ನದ ಬಿಸಿಲಲ್ಲಿ ತುಂಬಿ ಬೆಳಗಿನ ಚಳಿಯಲ್ಲಿ ನೋಡಿದರೆ ಲೀಕ್ ಇಲ್ಲದೆಯೂ ಕಡಿಮೆ ತೋರಿಸುತ್ತದೆ.

ಪ್ರಶ್ನೆ (ಇನ್ನೊಬ್ಬರು): ಹಾಕುವಾಗಲೇ ಮುಂದೆ ಲೀಕ್ ಬರದ ಹಾಗೆ ಏನು ನೋಡಿಕೊಳ್ಳಬೇಕು? ಎರಡೂ ಬ್ಯಾಗ್‌ನ ಪೈಪ್ ಸೇರಿಸುವ ಟಿ ಜಾಯಿಂಟ್ ಹಾಕಿ ಒಂದೇ ವಾಲ್ವ್ ಇಟ್ಟರೆ ಆಗುತ್ತದಾ?

ಉತ್ತರ: ಪೈಪ್ ಸೈಲೆನ್ಸರ್‌ನಿಂದ ಕನಿಷ್ಠ 6 ಇಂಚು ದೂರ ಇರಲಿ, ಇಲ್ಲದಿದ್ದರೆ ಹೀಟ್ ಶೀಲ್ಡ್ ಹಾಕಿ. ಫ್ರೇಮ್‌ನ ತೂತಿನಲ್ಲಿ ಹಾಯುವ ಕಡೆ ಅಂಚು ಉಜ್ಜದಂತೆ ರಬ್ಬರ್ ಗ್ರಾಮೆಟ್ ಕೊಡಿ. 1 ಇಂಚಿಗಿಂತ ಚಿಕ್ಕ ರೇಡಿಯಸ್‌ನಲ್ಲಿ ಬಗ್ಗಿಸಬೇಡಿ. ಜಿಪ್ ಟೈ ಪೈಪನ್ನು ಹಿಡಿದರೆ ಸಾಕು, ಹಿಚುಕಬಾರದು. ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಅದಕ್ಕೆ ಸಡಿಲ ಬಿಡಿ.

ಬ್ಯಾಗ್ ಸುತ್ತ ಕನಿಷ್ಠ 1/2 ಇಂಚು ಖಾಲಿ ಇರಬೇಕು. ಬ್ರೇಕ್ ಲೈನ್, ಬೋಲ್ಟ್ ತುದಿ ಯಾವುದೂ ತಾಕಬಾರದು, ಅದನ್ನು ಗಾಳಿ ತುಂಬಿ ಉಬ್ಬಿಸಿಯೇ ನೋಡಿ. ಗಾಡಿ ಖಾಲಿ ಇದ್ದರೂ 5 ಪಿಎಸ್‌ಐ ಇರಲೇಬೇಕು. ಗಾಳಿಯೇ ಇಲ್ಲದೆ ಓಡಿಸಿದರೆ ರಬ್ಬರಿನ ಮಡಿಕೆ ಮಧ್ಯೆ ಸಿಕ್ಕಿ ಸವೆದು ಸೂಜಿ ತೂತು ಬೀಳುತ್ತದೆ. ಗರಿಷ್ಠ ಸಾಮಾನ್ಯವಾಗಿ 100, ನಿಮ್ಮ ಕಿಟ್‌ನ ಹಾಳೆ ನೋಡಿಕೊಳ್ಳಿ. ಗಾಳಿ ಎಷ್ಟೇ ತುಂಬಿದರೂ ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್ ಹೇಳುವ ಲೋಡ್ ಮಿತಿ ಒಂದು ಕಿಲೋವೂ ಹೆಚ್ಚುವುದಿಲ್ಲ.

ಟಿ ಜಾಯಿಂಟ್ ಬೇಡ. ತಿರುವಿನಲ್ಲಿ ಭಾರ ಬಿದ್ದ ಬ್ಯಾಗ್‌ನ ಗಾಳಿ ಇನ್ನೊಂದಕ್ಕೆ ಹರಿದು ಗಾಡಿ ಇನ್ನಷ್ಟು ವಾಲುತ್ತದೆ. ಜೊತೆಗೆ ಒಂದು ಕಡೆ ಸೋರಿದರೆ ಎರಡೂ ಕೂರುತ್ತವೆ, ಯಾವ ಕಡೆಯದು ಅಂತ ಗೊತ್ತಾಗುವುದೇ ಇಲ್ಲ.